ಆನೆ, ಉಕ್ಕು, ಡಾಂಬರು ಡ್ರಮ್ಮು: ಸಕ್ರೆಬೈಲಿನಿಂದ ನೋಡಿದರೆ ‘ಸಮಕಾಲೀನ ಕಲೆ’ ಅಂದ್ರೇನು?

2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜೊಂದರಲ್ಲಿ ಒಂದು ಬಾಳೆಹಣ್ಣು 62 ಲಕ್ಷ ಡಾಲರ್‌ಗೆ ಮಾರಾಟವಾಯಿತು. ನಮ್ಮ ಲೆಕ್ಕದಲ್ಲಿ 50 ಕೋಟಿಗೂ ಹೆಚ್ಚು. ಇಟಲಿಯ ಕಲಾವಿದ ಮೌರಿಜಿಯೊ ಕಟೆಲಾನ್ ಅದನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿ, ಅದಕ್ಕೆ ‘ಕಮೀಡಿಯನ್’ ಅಂತ ಹೆಸರಿಟ್ಟಿದ್ದ. ಕೊಂಡವನು ಕ್ರಿಪ್ಟೊ ಉದ್ಯಮಿ. ಕೊಂಡ ಕೆಲವೇ ದಿನಕ್ಕೆ ಕ್ಯಾಮೆರಾ ಮುಂದೆ ನಿಂತು ಅದನ್ನು ಸುಲಿದು ತಿಂದೂಬಿಟ್ಟ. ಆ ವಾರ ನಮ್ಮೆಲ್ಲರ ಫೋನಿನಲ್ಲೂ ಓಡಾಡಿದ ಪ್ರಶ್ನೆ ಒಂದೇ: ಇದೂ ಒಂದು ಕಲೆನಾ?

ಪ್ರಶ್ನೆ ತಪ್ಪಲ್ಲ. ಆದರೆ ಅದನ್ನು ನಾವು ಯಾವಾಗಲೂ ನ್ಯೂಯಾರ್ಕ್ ಕಡೆ ಮುಖ ಮಾಡಿಯೇ ಕೇಳುತ್ತೇವೆ. ಶಿವಮೊಗ್ಗದ ಕಡೆ ತಿರುಗಿ ಕೇಳಿದರೆ ಅದು ತಮಾಷೆಯಾಗಿ ಉಳಿಯುವುದಿಲ್ಲ. ಭದ್ರಾವತಿಯ ಕಾರ್ಖಾನೆ, ಸಕ್ರೆಬೈಲಿನ ಆನೆ ಬಿಡಾರ, ಸೋಗಾನೆಯ ವಿಮಾನ ನಿಲ್ದಾಣ, ಕುಪ್ಪಳಿಯ ಕಲ್ಲುಗಳು, ಎಲ್ಲವೂ ಅದರೊಳಗೆ ಬರುತ್ತವೆ. ‘ಇದು ಕಲೆಯಾ?’ ಅನ್ನುವುದು ಆಗ ‘ಇದನ್ನು ನೋಡುವ ವಸ್ತು ಮಾಡಿದವರು ಯಾರು, ಯಾವಾಗ, ಯಾರನ್ನು ಹೊರಗಿಟ್ಟು?’ ಅಂತ ಬದಲಾಗುತ್ತದೆ. ಇದು ಕಲೆಯ ಪ್ರಶ್ನೆ ಹೌದು, ರಾಜಕೀಯದ ಪ್ರಶ್ನೆಯೂ ಹೌದು.

ಒಂದು ಕಲ್ಲು, ಒಂದಿಷ್ಟು ಕುಂಕುಮ

ಅಮೆರಿಕದ ತತ್ವಜ್ಞಾನಿ ಆರ್ಥರ್ ಡಾಂಟೊ 1964ರಲ್ಲಿ ಕಂಗಾಲಾಗುವಂಥ ಒಂದು ಪ್ರದರ್ಶನ ನೋಡಿದರು. ಆಂಡಿ ವಾರ್‌ಹಾಲ್ ಅಂಗಡಿಯಲ್ಲಿ ಸಿಗುವ ಬ್ರಿಲ್ಲೊ ಸೋಪ್ ಪ್ಯಾಡಿನ ಪೆಟ್ಟಿಗೆಗಳ ಥರವೇ ಪೆಟ್ಟಿಗೆ ಮಾಡಿ ಗ್ಯಾಲರಿಯಲ್ಲಿ ಪೇರಿಸಿಟ್ಟಿದ್ದ. ಕಣ್ಣಿಗೆ ಎರಡರ ನಡುವೆ ವ್ಯತ್ಯಾಸವೇ ಇಲ್ಲ. ಹಾಗಿದ್ದರೆ ಒಂದು ಗೋದಾಮಿನ ಸರಕು, ಇನ್ನೊಂದು ಕಲೆ ಆಗಿದ್ದು ಹೇಗೆ? ಡಾಂಟೊ ಕಂಡುಕೊಂಡ ಉತ್ತರದ ಸಾರ ಇಷ್ಟು: ಆ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ವಸ್ತುವಿನ ಸುತ್ತ ಇರುವ ಇತಿಹಾಸ, ವಾದ, ತಿಳಿವಳಿಕೆಗಳೇ ಅದನ್ನು ಕಲೆ ಮಾಡುತ್ತವೆ. ಅದಕ್ಕೂ ಮೊದಲು, 1917ರಲ್ಲೇ, ಮಾರ್ಸೆಲ್ ದುಶಾಂಪ್ ಮೂತ್ರದ ಬೇಸಿನ್ ಒಂದನ್ನು ಪ್ರದರ್ಶನಕ್ಕೆ ಕಳಿಸಿ ಈ ಜಗಳಕ್ಕೆ ಬುನಾದಿ ಹಾಕಿದ್ದ.

ಇದೇ ಪ್ರಶ್ನೆ ಬೇರೆ ದಾರಿಯಲ್ಲಿ ನಮ್ಮ ಜಿಲ್ಲೆಗೂ ಬಂದಿತ್ತು. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಯ ವಿಚಾರಕ್ಕೆ ದೊಡ್ಡ ಗಲಾಟೆ ಆಯಿತು. ಅದರ ಹಿನ್ನೆಲೆಯಲ್ಲಿ ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಒಂದು ಪ್ರಬಂಧ ಬರೆದರು. ಅದರಲ್ಲಿ ಅವರ ಚಿತ್ರಕಾರ ಗೆಳೆಯರೊಬ್ಬರ ಅನುಭವ ಬರುತ್ತದೆ. ಜನಪದ ಕಲೆ ನೋಡಲು ಹಳ್ಳಿ ಸುತ್ತುತ್ತಿದ್ದ ಆ ಕಲಾವಿದರಿಗೆ ರೈತನೊಬ್ಬನ ಗುಡಿಸಲಿನಲ್ಲಿ ಕುಂಕುಮ ಹಚ್ಚಿದ ಕಲ್ಲು ಕಾಣುತ್ತದೆ. ಫೋಟೊ ತೆಗೆಯಲು ಬೆಳಕು ಸಾಲದು. ಕಲ್ಲನ್ನು ಹೊರಗಿಡಿಸಿ ಫೋಟೊ ತೆಗೆದಾದ ಮೇಲೆ, ಮೈಲಿಗೆ ಆಯಿತೇನೋ ಅಂತ ಕ್ಷಮೆ ಕೇಳುತ್ತಾರೆ. ರೈತನಿಗೆ ಚಿಂತೆಯೇ ಇಲ್ಲ. ಬೇರೆ ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಅಂತಾನೆ.

ಅನಂತಮೂರ್ತಿ ಇದನ್ನು ನಂಬಿಕೆ ಮತ್ತು ಆಧುನಿಕ ಮನಸ್ಸಿನ ತೊಳಲಾಟದ ಬಗ್ಗೆ ಮಾತಾಡಲು ಬಳಸಿದರು. ಇವತ್ತು ಕಲೆಯ ಕಡೆಯಿಂದ ಓದಿದರೆ ಅಲ್ಲಿ ಇಬ್ಬರು ಕಾಣುತ್ತಾರೆ. ರೈತನಿಗೆ ಮುಖ್ಯವಾಗಿದ್ದು ಕಲ್ಲಲ್ಲ, ಕುಂಕುಮ ಹಚ್ಚುವ ಕ್ರಿಯೆ. ಡಾಂಟೊ ಪುಸ್ತಕ ಓದದೆಯೂ ಅವನಿಗೆ ಡಾಂಟೊ ಹೇಳಿದ್ದು ಗೊತ್ತು. ಕಲಾವಿದನಿಗೆ ಆ ಕಲ್ಲೇ ಮುಖ್ಯ, ಅದು ಅಪರೂಪದ ವಸ್ತು, ಬೆಳಕಿಗೆ ತಂದು ದಾಖಲಿಸಬೇಕಾದದ್ದು. ಇಬ್ಬರಲ್ಲಿ ಆಧುನಿಕ ಯಾರು? ಕ್ಯಾಮೆರಾ ಇದ್ದವನಾ, ‘ಇನ್ನೊಂದು ಕಲ್ಲು ತಂದರಾಯ್ತು’ ಅಂದವನಾ?

ಇನ್ನೂ ಒಂದು ವಿಷಯ ಇದೆ. ಕುಂಕುಮದ ಕಲ್ಲಿಗೆ ಹರಾಜಿಲ್ಲ. ಅದನ್ನು ಯಾರು ಬೇಕಾದರೂ ಮಾಡಬಹುದು. ಬಾಳೆಹಣ್ಣನ್ನು ಗೋಡೆಗೆ ಅಂಟಿಸುವುದನ್ನೂ ಯಾರು ಬೇಕಾದರೂ ಮಾಡಬಹುದು, ಆದರೆ ಪ್ರಮಾಣಪತ್ರ ಒಬ್ಬರ ಹತ್ತಿರ ಮಾತ್ರ ಇರುತ್ತದೆ. 50 ಕೋಟಿ ಬೆಲೆ ಇದ್ದದ್ದು ಹಣ್ಣಿಗಲ್ಲ, ಆ ಕಾಗದಕ್ಕೆ.

ಬೆಂಕಿಪುರದ ಕಾಲ

‘ಆಧುನಿಕ’ ಮತ್ತು ‘ಸಮಕಾಲೀನ’ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಎರಡೂ ಬೇರೆ ಬೇರೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಭದ್ರಾವತಿಗಿಂತ ಒಳ್ಳೆ ಊರು ಸಿಗಲಿಕ್ಕಿಲ್ಲ.

ಹಿಂದೆ ಬೆಂಕಿಪುರ ಅನ್ನಿಸಿಕೊಂಡಿದ್ದ ಈ ಊರಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಶುರು ಮಾಡಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನ ಮರದಿಂದ. ವಿಶ್ವೇಶ್ವರಯ್ಯನವರ ನಂಬಿಕೆ ಸರಳವಾಗಿತ್ತು: ಕೈಗಾರಿಕೆ ಕಟ್ಟದ ನಾಡು ಉಳಿಯುವುದಿಲ್ಲ. ಈ ನಂಬಿಕೆಯ ಒಳಗೆ ಕಾಲದ ಬಗ್ಗೆ ಒಂದು ಕಲ್ಪನೆ ಇದೆ. ಕಾಲ ಅನ್ನೋದು ನೇರ ರಸ್ತೆ, ಯುರೋಪ್ ಮುಂದೆ ಹೋಗಿದೆ, ನಾವು ಹಿಂದೆ ಇದ್ದೇವೆ, ಓಡಿ ಹಿಡಿಯಬೇಕು. ಇತಿಹಾಸಕಾರ ದೀಪೇಶ್ ಚಕ್ರವರ್ತಿ ಇದನ್ನು ಇತಿಹಾಸದ ನಿರೀಕ್ಷಣಾ ಕೊಠಡಿ ಅಂತ ಟೀಕಿಸಿದ್ದಾರೆ. ವಸಾಹತುಗಳ ಜನರಿಗೆ ಸಿಕ್ಕ ಉತ್ತರ ಯಾವಾಗಲೂ ‘ನಿಮ್ಮ ಸರದಿ ಇನ್ನೂ ಬಂದಿಲ್ಲ, ಕೂತಿರಿ’ ಎಂಬುದೇ.

ಆಧುನಿಕತೆಯನ್ನು ಬೈಯುವುದು ಸುಲಭ. ಆದರೆ ಭದ್ರಾವತಿಗೆ ಬಂದ ಕೂಲಿಯವರಿಗೆ, ಬೇರೆ ಬೇರೆ ಜಾತಿ, ಧರ್ಮ, ಭಾಷೆಯವರಿಗೆ ಅದು ಸಂಬಳ ಕೊಟ್ಟಿತು, ಕ್ವಾರ್ಟರ್ಸ್ ಕೊಟ್ಟಿತು, ಯೂನಿಯನ್ ಕೊಟ್ಟಿತು. ಊರಿನ ಜಾತಿ ಕಟ್ಟಿನಿಂದ ಹೊರಬರಲು ಎಷ್ಟೋ ಜನಕ್ಕೆ ಕಾರ್ಖಾನೆಯ ಗೇಟೇ ಬಾಗಿಲಾಯಿತು. ಇದನ್ನು ಮರೆತು ‘ಹಳೆಯದೆಲ್ಲ ಚಂದ’ ಅನ್ನುವವರ ಜೊತೆ ನಾವು ಸೇರಬಾರದು.

ಆದರೆ ಅದೇ ರಸ್ತೆ ಬೇರೆಯವರ ಮನೆ ಮೇಲೆ ಹಾದುಹೋಯಿತು. 1964ರಲ್ಲಿ ಪೂರ್ತಿಯಾದ ಲಿಂಗನಮಕ್ಕಿ ಅಣೆಕಟ್ಟು ಸಾವಿರಾರು ಕುಟುಂಬಗಳನ್ನು ಎಬ್ಬಿಸಿತು. ಅವರಲ್ಲಿ ಎಷ್ಟೋ ಜನರನ್ನು ತಂದು ಬಿಟ್ಟದ್ದು ಇದೇ ಶಿವಮೊಗ್ಗ ಸುತ್ತಿನ ಕಾಡುಗಳಿಗೆ, ಈಗಿನ ಶೆಟ್ಟಿಹಳ್ಳಿ ಅಭಯಾರಣ್ಯದ ಆಸುಪಾಸಿಗೆ. ನಾಡಿಗೆ ಕರೆಂಟು ಕೊಡಲು ಊರು ಬಿಟ್ಟವರು ಇವತ್ತಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಪಾದಯಾತ್ರೆ ಮಾಡುತ್ತಾರೆ.

ಈಗ ‘ಸಮಕಾಲೀನ’ ಪದ ನೋಡಿ. ಸಮ ಮತ್ತು ಕಾಲ, ಒಂದೇ ಕಾಲದಲ್ಲಿ ಇರುವಿಕೆ. ಬ್ರಿಟನ್ನಿನ ತತ್ವಜ್ಞಾನಿ ಪೀಟರ್ ಆಸ್ಬರ್ನ್ ವಾದವೂ ಇದರ ಹತ್ತಿರಕ್ಕೇ ಬರುತ್ತದೆ: ಹೊಸದಾಗಿದೆ ಅಂದಮಾತ್ರಕ್ಕೆ ಅದು ಸಮಕಾಲೀನ ಆಗುವುದಿಲ್ಲ, ಬೇರೆ ಬೇರೆ ಕಾಲಗಳು ಒಂದೇ ವರ್ತಮಾನದಲ್ಲಿ ಒಟ್ಟಿಗೆ, ಜಗಳವಾಡುತ್ತ ಇರುವ ಸ್ಥಿತಿ ಅದು. ಆಧುನಿಕತೆ ‘ಅದು ಹಳೇದು, ಇದು ಹೊಸದು’ ಅಂತ ವಿಂಗಡಿಸುತ್ತದೆ. ಸಮಕಾಲೀನತೆ ‘ಎರಡೂ ಇಲ್ಲೇ ಇವೆಯಲ್ಲ, ಈಗ ಏನು ಮಾಡ್ತೀರಿ?’ ಅಂತ ಕೇಳುತ್ತದೆ.

ಸಕ್ರೆಬೈಲಿಗೆ ಬಂದರೆ ಇದು ಕಣ್ಣಿಗೇ ಕಾಣುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬೆಳಗ್ಗೆ ಆನೆಗಳ ಸ್ನಾನ ನಡೆಯುತ್ತದೆ. ಅಣೆಕಟ್ಟು ಆಧುನಿಕತೆಯದ್ದು. ಆನೆ ಪಳಗಿಸುವ ವಿದ್ಯೆ ಅದಕ್ಕಿಂತ ಎಷ್ಟೋ ಹಳೆಯದು, ಮಾವುತರು ಮತ್ತು ಕಾವಾಡಿಗಳ ಮನೆತನಗಳಲ್ಲಿ ಬಂದದ್ದು. ದಂಡೆಯಲ್ಲಿ ಸಾಲಾಗಿ ನಿಂತ ಸೆಲ್ಫಿ ಕೋಲುಗಳು ಇವತ್ತಿನವು. ಇದರಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು? ಮೂರೂ ಒಂದೇ ನೀರಿನಲ್ಲಿ ನಿಂತಿವೆ.

ಭದ್ರಾವತಿಯಲ್ಲಿ ಹುಟ್ಟಿದ ಒಬ್ಬ ಕಲಾವಿದೆ

ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಇವತ್ತು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿ ಅವರ ಕೃತಿಗಳಿವೆ. ನಮ್ಮ ಜಿಲ್ಲೆಯ ಕಾಲೇಜು ಹುಡುಗರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ಅವರ ಕಲೆಗೆ ಭದ್ರಾವತಿಯೇ ಕಾರಣ ಅಂತ ಎಳೆದು ಕಟ್ಟೋದು ಬೇಡ, ಅದು ಹುಸಿ ಹೆಮ್ಮೆ. ಆದರೆ ಅವರು ಕೈಗೆತ್ತಿಕೊಂಡ ವಸ್ತುಗಳು ಇಲ್ಲಿನ ಯಾರಿಗೂ ಅಪರಿಚಿತ ಅಲ್ಲ.

ಮೊದಲು ಅವರು ಕ್ಯಾನ್ವಾಸಿನ ಮೇಲೆ ಬಣ್ಣದಲ್ಲಿ ಕೆಲಸ ಮಾಡುತ್ತಿದ್ದರು. 1992ರ ಬಾಬರಿ ಮಸೀದಿ ಧ್ವಂಸ ಮತ್ತು ಆಮೇಲಿನ ಹಿಂಸೆಯ ಹೊತ್ತಿಗೆ ಆ ಭಾಷೆ ಸಾಲದಾಯಿತು. ಸಗಣಿ ಎತ್ತಿಕೊಂಡರು. ಯೋಚಿಸಿ: ಸಗಣಿ ಮನೆ ಸಾರಿಸುವ ವಸ್ತು, ಬೆರಣಿ ತಟ್ಟುವ ಹೆಂಗಸರ ದುಡಿಮೆ, ಪವಿತ್ರವೂ ಹೌದು, ಹೊಲಸೂ ಹೌದು. ಹಸುವನ್ನು ಬಾವುಟ ಮಾಡಿಕೊಂಡ ರಾಜಕೀಯ ಬೆಳೆಯುತ್ತಿದ್ದ ಕಾಲದಲ್ಲಿ ಆ ವಸ್ತುವನ್ನು ಅವರು ಹೆಂಗಸರ ದುಡಿಮೆಯ ಕಡೆಗೆ ವಾಪಸ್ ತಂದರು.

1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಅದನ್ನು ಕುಂಕುಮ ಮತ್ತು ಅಂಟಿನಲ್ಲಿ ಅದ್ದಿ ಹಗ್ಗ ಮಾಡಿದರು. ದೂರದಿಂದ ನೋಡಿದರೆ ಕೆಂಪು ಗೆರೆ, ಹತ್ತಿರ ಹೋದರೆ ಕರುಳು, ತುದಿಯಲ್ಲಿ ಗೊಂಚಲು ಗೊಂಚಲು ಸೂಜಿ. ಅನಂತಮೂರ್ತಿಯವರ ಪ್ರಬಂಧದ ಕುಂಕುಮ ಕಲ್ಲನ್ನು ದೇವರು ಮಾಡಿತ್ತು. ಇಲ್ಲಿ ಅದೇ ಕುಂಕುಮ ಮುತ್ತೈದೆತನದ ಹಿಂದಿನ ನೋವನ್ನು ಕಾಣಿಸುತ್ತದೆ.

2006ರ ‘ಡಾರ್ಕ್‌ರೂಮ್’ ಡಾಂಬರು ಡ್ರಮ್ಮುಗಳಿಂದ ಮಾಡಿದ್ದು. ರಸ್ತೆ ಕೆಲಸದವರು ಖಾಲಿ ಡ್ರಮ್ಮು ಸೀಳಿ, ಚಪ್ಪಟೆ ಮಾಡಿ ಗುಡಿಸಲು ಕಟ್ಟಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಶೀಲಾ ಅದನ್ನೇ ಕೋಟೆಯಂತೆ ಕಟ್ಟಿದರು. ಒಳಗೆ ಹೋಗಬೇಕಾದರೆ ಬಗ್ಗಬೇಕು. ಒಳಗೆ ಕತ್ತಲು, ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತು, ಅದರಿಂದ ಬರುವ ಬೆಳಕು ನಕ್ಷತ್ರದ ಹಾಗೆ. 2009ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ ‘ಬಿಹೋಲ್ಡ್’ ಕೃತಿಯಲ್ಲಿ ಕಾರಿನ ಬಂಪರುಗಳು ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗದಲ್ಲಿ ತೂಗುತ್ತವೆ. ಹರಕೆಯ ಮುಡಿ ಕೊಟ್ಟ ಕೂದಲು ಹಗ್ಗವಾಗಿ, ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುವುದನ್ನು ನೋಡಿ ಹುಟ್ಟಿದ ಕೃತಿ ಅದು. ಕಾರು ಆಧುನಿಕ, ಭಯ ಪುರಾತನ. ಭಾರ ಹೊತ್ತಿರುವುದು ಯಾರದೋ ತಲೆಯ ಕೂದಲು.

ಬಾಳೆಹಣ್ಣಿಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಕಟೆಲಾನ್‌ನ ಬಾಳೆಹಣ್ಣು ಯಾವ ತೋಟದ್ದು, ಯಾರು ಮಾರಿದ್ದು ಅನ್ನುವುದು ಆ ಕೃತಿಗೆ ಬೇಕಾಗಿಲ್ಲ. ಡಾಂಬರು ಡ್ರಮ್ಮಿನಿಂದ ಅದನ್ನು ಬಳಸಿದವರ ಬದುಕನ್ನು ತೆಗೆದುಹಾಕಿದರೆ ‘ಡಾರ್ಕ್‌ರೂಮ್’ ಬರೀ ತಗಡು. ವಸ್ತುವಿಗೆ ಅಂಟಿದ ದುಡಿಮೆಯನ್ನು ಒರೆಸಿಹಾಕದೆ ನಮ್ಮ ಮುಂದಿಡುವುದು ಒಳ್ಳೆಯ ಸಮಕಾಲೀನ ಕಲೆಯ ಒಂದು ಗುಣ ಅಂತ ನನ್ನ ವಾದ.

‘ಅದೆಲ್ಲ ಸರಿ, ಆದರೆ ನೋಡೋದು ಯಾರು?’

ಇಲ್ಲಿ ಒಂದು ಗಟ್ಟಿ ಆಕ್ಷೇಪ ಇದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ರಸ್ತೆ ಕೆಲಸದವರ ಡ್ರಮ್ಮು ಗ್ಯಾಲರಿಗೆ ಹೋಗಿ ಕಲೆ ಆಯಿತು. ರಸ್ತೆ ಕೆಲಸದವರು ಹೋಗಲಿಲ್ಲವಲ್ಲ? ಬಡತನವನ್ನು ಲಂಡನ್, ಮಿಲಾನ್‌ನ ಉಳ್ಳವರಿಗೆ ತೋರಿಸುವುದೂ ಒಂದು ಥರ ಲೂಟಿ ಅಲ್ವಾ?

ಆಕ್ಷೇಪದಲ್ಲಿ ಅರ್ಧ ಸತ್ಯ ಇದೆ. ಕಲೆಯ ಮಾರುಕಟ್ಟೆ ಏನನ್ನು ಬೇಕಾದರೂ ನುಂಗಿ ಜೀರ್ಣಿಸಿಕೊಳ್ಳುತ್ತದೆ, ಅದನ್ನು ಟೀಕಿಸುವ ಕೃತಿಯನ್ನೂ ಸಹ. ಆದರೆ ಆ ತಪ್ಪನ್ನು ಕೃತಿಯ ತಲೆಗೆ ಕಟ್ಟಿದರೆ, ನಮ್ಮ ಊರಲ್ಲಿ ಅಂಥದ್ದನ್ನು ನೋಡಲು ಒಂದು ಜಾಗವೇ ಇಲ್ಲದಿರುವ ಪ್ರಶ್ನೆ ಮರೆಯಾಗುತ್ತದೆ.

ಅಂಥ ಜಾಗ ಹಳ್ಳಿಯಲ್ಲಿ ಆಗುವುದಿಲ್ಲ ಅನ್ನುವವರಿಗೆ ಇದೇ ಜಿಲ್ಲೆಯಲ್ಲಿ ಉತ್ತರ ಇದೆ. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂ ಅಡಿಕೆ ತೋಟಗಳ ನಡುವೆ ನಾಟಕ ಕಟ್ಟಿತು, ಜಗತ್ತಿನ ಸಿನಿಮಾ ತಂದು ಹಳ್ಳಿಯವರಿಗೆ ತೋರಿಸಿತು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. ‘ಜನಕ್ಕೆ ಅರ್ಥ ಆಗಲ್ಲ’ ಅನ್ನುವ ಮಾತನ್ನು ನೀನಾಸಂ ಸುಳ್ಳು ಮಾಡಿ ತೋರಿಸಿತು. ರಂಗಭೂಮಿಗೆ, ಸಿನಿಮಾಕ್ಕೆ ಆಗಿದ್ದು ದೃಶ್ಯಕಲೆಗೆ ಯಾಕೆ ಆಗಬಾರದು?

ನಮ್ಮ ಮುಂದಿರುವ ವಸ್ತುಗಳು

ಕಲೆಯ ಪ್ರಶ್ನೆ ಗ್ಯಾಲರಿಯೊಳಗೆ ಮಾತ್ರ ಇಲ್ಲ. ಶಿವಮೊಗ್ಗದಲ್ಲಿ ಅದು ಸರ್ಕಾರಿ ದುಡ್ಡಿನಲ್ಲೇ ನಡೆಯುತ್ತಿದೆ. 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದ ವಿಮಾನ ನಿಲ್ದಾಣಕ್ಕೆ ಹೆಸರು ಕುವೆಂಪು ಅವರದು, ಟರ್ಮಿನಲ್‌ನ ಆಕಾರ ಕಮಲ. ಒಂದು ಪಕ್ಷದ ಚಿಹ್ನೆಯನ್ನು ಕಟ್ಟಡ ಮಾಡಲಾಗಿದೆ ಅಂತ ವಿರೋಧ ಬಂತು, ಕಮಲ ರಾಷ್ಟ್ರೀಯ ಹೂವು ಅಂತ ಸಮರ್ಥನೆಯೂ ಬಂತು. ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದರು: ಆಕಾರಕ್ಕೆ ಅರ್ಥ ಇದೆ, ರಾಜಕೀಯ ಇದೆ. ವಿಶ್ವಮಾನವನ ಹೆಸರು ಬಾಗಿಲ ಮೇಲೆ, ಚಿಹ್ನೆ ಮಾತ್ರ ಆಕಾಶದಿಂದ ನೋಡುವವರಿಗೆ.

ಇದಕ್ಕೆ ಎದುರಾಗಿ ಕುಪ್ಪಳಿಯ ಕವಿಶೈಲ ನೋಡಿ. ಕಲಾವಿದ ಕೆ.ಟಿ. ಶಿವಪ್ರಸಾದ್ ಅಲ್ಲಿ ಬೃಹತ್ ಶಿಲಾಯುಗದ ರಚನೆಗಳನ್ನು ನೆನಪಿಸುವ ಹಾಗೆ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿದ್ದಾರೆ. ಅದು ಯಾವ ಪಕ್ಷದ ಗುರುತೂ ಅಲ್ಲ, ಯಾವ ಧರ್ಮದ ಗುಡಿಯೂ ಅಲ್ಲ. ಪುರಾತನ ಅನ್ನಿಸುತ್ತದೆ, ಆದರೆ ಪೂರ್ತಿ ಸಮಕಾಲೀನ. ಇದನ್ನೇ ಹೀಗೇ ಓದಬೇಕು ಅಂತ ಆ ಕಲ್ಲುಗಳು ಹೇಳುವುದಿಲ್ಲ. ಸಾರ್ವಜನಿಕ ಕಲೆ ನಾಗರಿಕರಿಗೆ ಕೊಡಬೇಕಾದ ಗೌರವ ಅದು.

ಆನೆಗಳ ವಿಷಯಕ್ಕೆ ಬರೋಣ. ಒಂದು ಕಾಲದಲ್ಲಿ ಬಿಡಾರದ ಆನೆಗಳಿಗೆ ಕಾಡಿನ ದಿಮ್ಮಿ ಎಳೆಯುವ ಕೆಲಸ. ಮರ ಕಡಿಯುವುದು ನಿಂತ ಮೇಲೆ ಅವು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ, ಪ್ರವಾಸಿಗರ ಕಣ್ಣಿಗೆ, ಶಿವಮೊಗ್ಗ ದಸರೆಯ ಅಂಬಾರಿಗೆ ಬಂದವು. ಕೆಲಸಗಾರ ಪ್ರದರ್ಶನದ ವಸ್ತುವಾದ. ಆದರೂ ಕೆಲಸ ನಿಂತಿಲ್ಲ: ಕಾಡಾನೆ ಮುಂದೆ ನಿಲ್ಲುವುದು ಅದೇ ಆನೆ, ಅದರ ಮೇಲೆ ಕೂರುವುದು ಅದೇ ಮಾವುತ. ಪ್ರವಾಸಿಯ ಫೋಟೊದಲ್ಲಿ ಆನೆ ಇರುತ್ತದೆ, ಮಾವುತ ಫ್ರೇಮಿನಿಂದ ಹೊರಗೆ.

ಈಗ ಇದೇ ದಾರಿಯಲ್ಲಿ ಭದ್ರಾವತಿ ನಿಂತಿದೆ. ಎಂಪಿಎಂ ಕಾಗದ ಕಾರ್ಖಾನೆ 2015ರ ಸುಮಾರಿಗೇ ನಿಂತುಹೋಯಿತು. ಕಾರ್ಖಾನೆ ಓಡದಿದ್ದರೂ ಅದರ ನೆಡುತೋಪಿನ ಸುಮಾರು 20 ಸಾವಿರ ಹೆಕ್ಟೇರ್ ಭೂಮಿಯ ಗುತ್ತಿಗೆಯನ್ನು ಸರ್ಕಾರ 2020ರಲ್ಲಿ 40 ವರ್ಷಕ್ಕೆ ಮುಂದುವರಿಸಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಅಂತ ಮಲೆನಾಡಿನ ಜನ ಬೀದಿಗಿಳಿದದ್ದು ಅದಕ್ಕೇ. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. 2024ರಲ್ಲಿ ಉಕ್ಕು ಖಾತೆ ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಪುನಶ್ಚೇತನದ ಭರವಸೆ ಕೊಟ್ಟರು.

ಭರವಸೆ ಉಳಿಯಲಿ. ಆದರೆ ಮುಚ್ಚಿದ ಕಾರ್ಖಾನೆಗಳಿಗೆ ಜಗತ್ತಿನಾದ್ಯಂತ ಒಂದು ಸಿದ್ಧ ದಾರಿ ಇದೆ: ಕಲಾಕೇಂದ್ರ. ಲಂಡನ್ನಿನ ವಿದ್ಯುತ್ ಸ್ಥಾವರ 2000ದಲ್ಲಿ ಟೇಟ್ ಮಾಡರ್ನ್ ಆಯಿತು. ಜರ್ಮನಿಯ ಎಸೆನ್ ನಗರದ ಜೋಲ್‌ಫೆರೈನ್ ಕಲ್ಲಿದ್ದಲು ಗಣಿ 2001ರಲ್ಲಿ ವಿಶ್ವಪರಂಪರೆಯ ತಾಣ ಆಯಿತು. ಕೊಚ್ಚಿಯಲ್ಲಿ 2012ರಿಂದ ಹಳೇ ಗೋದಾಮುಗಳಲ್ಲಿ ಬಿಯೆನಾಲೆ ನಡೆಯುತ್ತಿದೆ. ಇವೆಲ್ಲ ಕೆಟ್ಟದ್ದಲ್ಲ, ಗುಜರಿಗೆ ಹಾಕುವುದಕ್ಕಿಂತ ಎಷ್ಟೋ ವಾಸಿ. ನಾಳೆ ಭದ್ರಾವತಿಯ ಕುಲುಮೆಗೂ ಬಣ್ಣದ ಲೈಟು ಬಿಟ್ಟು ‘ಪರಂಪರೆ ತಾಣ’ ಮಾಡೋಣ ಅಂತ ಯಾರಾದರೂ ಬಂದರೆ ನಾವು ಏನು ಕೇಳಬೇಕು?

ಶೀಲಾ ಗೌಡರ ಡ್ರಮ್ಮುಗಳು ಕಲಿಸುವ ಮೂರು ಪ್ರಶ್ನೆ ಸಾಕು. ಒಂದು, ಇಲ್ಲಿ ದುಡಿದವರ ಬಾಕಿ ತೀರಿದೆಯಾ? ಸಂಬಳ, ಪಿಂಚಣಿ, ಕ್ವಾರ್ಟರ್ಸಿನ ಲೆಕ್ಕ ಮುಗಿಯುವ ಮುಂಚೆ ವಸ್ತುವನ್ನು ಪ್ರದರ್ಶನಕ್ಕಿಡುವುದು ಸಾಕ್ಷ್ಯ ನಾಶದ ಹತ್ತಿರಕ್ಕೆ ಬರುತ್ತದೆ. ಎರಡು, ಕಥೆ ಹೇಳುವವರು ಯಾರು? ವಿಶ್ವೇಶ್ವರಯ್ಯನವರ ಪ್ರತಿಮೆ ಇರಲಿ, ಕುಲುಮೆ ಮುಂದೆ ಮೈ ಸುಟ್ಟುಕೊಂಡವರ, ಕಾಡಿನಲ್ಲಿ ಇದ್ದಿಲು ಸುಟ್ಟವರ ಮಾತು ಎಲ್ಲಿರುತ್ತದೆ? ಮೂರು, ಟಿಕೆಟ್ ಇಲ್ಲದೆ ಒಳಗೆ ಬರುವ ಹಕ್ಕು ಆ ಕಾರ್ಮಿಕರ ಮೊಮ್ಮಕ್ಕಳಿಗೆ ಇದೆಯಾ, ಅಲ್ಲಿ ಏನಿಡಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಅವರಿಗೆ ಕುರ್ಚಿ ಇದೆಯಾ?

ಇದೇ ಮೂರು ಪ್ರಶ್ನೆ ಆನೆ ಬಿಡಾರಕ್ಕೂ, ಅಂಬಾರಿಗೂ, ನಾಳೆ ಬರಲಿರುವ ಯಾವುದೇ ಪ್ರತಿಮೆಗೂ ಅನ್ವಯ. ಶಿವಮೊಗ್ಗದ ಲಲಿತಕಲೆ ವಿದ್ಯಾರ್ಥಿಗಳು, ವಿದ್ಯಾರ್ಥಿ ಸಂಘಟನೆಗಳು, ಕಾರ್ಮಿಕ ಯೂನಿಯನ್‌ಗಳು ಒಂದೇ ಮೇಜಿಗೆ ಬಂದು ಇದನ್ನು ಕೇಳಿದ ಉದಾಹರಣೆ ನಮ್ಮಲ್ಲಿ ಕಡಿಮೆ. ಕಲೆಯವರಿಗೆ ಕಾರ್ಮಿಕರ ವಿಷಯ ರಾಜಕೀಯ ಅನ್ನಿಸುತ್ತದೆ, ಸಂಘಟನೆಯವರಿಗೆ ಕಲೆ ಶೋಕಿ ಅನ್ನಿಸುತ್ತದೆ. ಇಬ್ಬರೂ ಹೀಗೆ ದೂರ ಇರುವಷ್ಟು ದಿನ ತೀರ್ಮಾನ ಮಾಡೋದು ಟೆಂಡರ್ ಕರೆಯುವವರು. ಕುಲುಮೆ ಮತ್ತೆ ಹೊತ್ತಿಕೊಂಡರೆ ಒಳ್ಳೆಯದು. ಹೊತ್ತಿಕೊಳ್ಳದಿದ್ದರೆ ಅದರ ಮೇಲೆ ಯಾರ ಹೆಸರು ಬರೆಯಬೇಕು ಅನ್ನುವ ಮಾತನ್ನು ಲೈಟು ಹಾಕುವ ಮುಂಚೆಯೇ, ಈಗಲೇ ಶುರು ಮಾಡಬೇಕು.